ಹೊಗೆಕೊಳವೆಯ ಹಿಡಿ

ಕಡ್ಡಿ ಗೀರಿ ಒಳಗಿಟ್ಟಾಗ ಸೌದೆಯ ಚಕ್ಕೆಗೆ ಬೆಂಕಿಯೇನೋ ಹತ್ತಿತು. ಆದರೆ ಹೊಗೆ ಮೇಲಕ್ಕೆ ಹೋಗದೆ ಒಲೆಯ ಬಾಗಿಲ ಸಂದಿಯಿಂದ ಹೊರಗೆ ಬಂತು, ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ. ಅವಳು ಬಾಗಿಲು ಒತ್ತಿ ಹಿಡಿದಳು. ಹೊಗೆ ಬೆರಳುಗಳ ನಡುವಿನಿಂದಲೂ ಬಂತು.

ಗಂಡನನ್ನು ಮಣ್ಣು ಮಾಡಿ ಬಂದಾಗಿನಿಂದ ಮನೆ ತುಂಬ ನೆಂಟರಿದ್ದರು. ಎಲ್ಲರಿಗಿಂತ ಕೊನೆಗೆ, ನಿನ್ನೆ ಸಂಜೆ, ನಾದಿನಿ ಹೊರಟಳು. ಹೋಗುವಾಗ ತಾನು ತಂದಿದ್ದ ಕರೆಂಟ್ ಹೀಟರನ್ನೂ ಕಾರಿಗೆ ಹಾಕಿಕೊಂಡಳು. ಇವತ್ತು ಬೆಳಗ್ಗೆ ಮನೆಯಲ್ಲಿ ಉಳಿದದ್ದು ಅವಳು, ಅತ್ತೆ, ಇನ್ನೂ ಮಾತು ಬಾರದ ಮಗು, ನಡುಮನೆಯ ಮೂಲೆಯ ಈ ಹಳೆಯ ಕಬ್ಬಿಣದ ಒಲೆ. ಒಲೆ ಗಂಡನ ಪಾಲಿನ ಕೆಲಸವಾಗಿತ್ತು. ಏಣಿಯಿಂದ ಬಿದ್ದು ಸತ್ತ ದಿನವೂ ಅದನ್ನು ಹೊತ್ತಿಸಿಟ್ಟೇ ಕೆಲಸಕ್ಕೆ ಹೋಗಿದ್ದ.

"ಏನಮ್ಮಾ ಅದು, ಸೊಳ್ಳೆ ಓಡಿಸ್ತಿದ್ದೀಯಾ?" ಅಡುಗೆಮನೆಯಿಂದ ಅತ್ತೆ ಕೇಳಿದರು.

"ಹೊಗೆ ಮೇಲೆ ಹೋಗ್ತಿಲ್ಲ ಅತ್ತೆ."

"ಅವನಿದ್ದಾಗ ಒಂದು ದಿನಾನೂ ಹೀಗೆ ಮಾಡಿದ್ದಿಲ್ಲ. ಅದಕ್ಕೂ ಮುನಿಸು ಬಂದಿರ್ಬೇಕು."

ಮಗು ಕೆಮ್ಮಿತು. ಒಂದೇ ಸಲ. ಅವಳು ಅದನ್ನು ಹೊದಿಕೆಯ ಸಮೇತ ಎತ್ತಿ ಅತ್ತೆಯ ಕೈಗಿಟ್ಟು, ಕಿಟಕಿಗಳನ್ನೆಲ್ಲ ತೆರೆದಳು. ಥಂಡಿ ಗಾಳಿ ಒಳನುಗ್ಗಿತು.

"ಇಷ್ಟಕ್ಕೆಲ್ಲ ಹೆದರ್ತಾರಾ? ನಾವೆಲ್ಲ ಹೊಗೇಲೇ ಬೆಳೆದೋರು."

"ಹೊಗೆಗಲ್ಲ ಅತ್ತೆ. ಅದರ ಜೊತೆ ವಾಸನೆ ಇಲ್ಲದ ವಿಷದ ಗಾಳಿನೂ ಬರುತ್ತೆ. ಮಲಗಿದೋರಿಗೆ ಗೊತ್ತೇ ಆಗಲ್ಲ. ಏಳೋದೇ ಇಲ್ಲ."

"ಹಾಗೆಲ್ಲ ಅನ್ಬೇಡ," ಎಂದರು ಅತ್ತೆ. ಗದರಲಿಲ್ಲ. ಮಗುವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡರು.

ಬೆಚ್ಚಗಾಗುವ ಕೋಣೆ ಅದೊಂದೇ. ಮೂವರೂ ಅಲ್ಲೇ ಮಲಗಬೇಕು. ಸಂಜೆಯೊಳಗೆ ಒಲೆ ಸರಿಹೋಗದಿದ್ದರೆ ಮಗುವಿಗೆ ಚಳಿ. ಸರಿಹೋಯಿತು ಅಂದುಕೊಂಡು ಹೊತ್ತಿಸಿ, ನಿಜಕ್ಕೂ ಸರಿಹೋಗಿರದಿದ್ದರೆ? ಅವಳು ಅಲ್ಲಿಗೇ ಯೋಚನೆ ನಿಲ್ಲಿಸಿದಳು.

ಬೆಂಕಿ ಆರಿಸಿ, ಒಲೆ ತಣ್ಣಗಾದ ಮೇಲೆ ಬೂದಿ ತೆಗೆದಳು. ಕೆಳಗಿನ ಗಾಳಿಕಿಂಡಿಗೆ ಬೆರಳು ಹಾಕಿ ನೋಡಿದಳು, ಏನೂ ಸಿಕ್ಕಿಕೊಂಡಿರಲಿಲ್ಲ. ಸೌದೆ ಒಣಗಿತ್ತು. ಹೊಗೆಕೊಳವೆಯನ್ನು ತಟ್ಟಿದಳು, ಟೊಳ್ಳು ಸದ್ದು ಬಂತು. ಕೊಳವೆಯ ನಡುವೆ, ಒಳಗಿನ ದಾರಿ ಮುಚ್ಚಿ ತೆರೆಯುವ ತಟ್ಟೆಯ ಹಿಡಿ ಇತ್ತು. ಅದು ಕೊಳವೆಯ ಉದ್ದಕ್ಕೆ ನಿಂತಿದ್ದರೆ ಒಳಗಿನ ತಟ್ಟೆಯೂ ನಿಂತು ದಾರಿ ತೆರೆದಿರಬೇಕು, ಅಡ್ಡಕ್ಕಿದ್ದರೆ ಮುಚ್ಚಿರಬೇಕು. ಬೆಳಗ್ಗೆ ಅಡ್ಡಕ್ಕಿತ್ತು. ಮೊದಲು ಅದನ್ನೇ ಅವಳು ಉದ್ದಕ್ಕೆ ತಿರುಗಿಸಿದ್ದಳು.

ಒಲೆಯ ಬಾಯಲ್ಲಿ ಕಡ್ಡಿ ಗೀರಿ ಹಿಡಿದಳು. ಉರಿ ನೆಟ್ಟಗೆ ನಿಂತಿತು. ಗಾಳಿಯ ಸುಳಿವೇ ಇಲ್ಲ. ಇನ್ನೇನು ಮಾಡುವುದೆಂದು ತೋಚದೆ ಹಿಡಿಯನ್ನು ಮತ್ತೆ ಅಡ್ಡಕ್ಕೆ ತಿರುಗಿಸಿ ಇನ್ನೊಂದು ಕಡ್ಡಿ ಗೀರಿದಳು. ಉರಿ ಒಳಕ್ಕೆ ಬಾಗಿತು, ಯಾರೋ ಆ ಕಡೆಯಿಂದ ಉಸಿರೆಳೆದುಕೊಂಡ ಹಾಗೆ. ಬಾಗಿ ಆರಿಯೇ ಹೋಯಿತು.

ಬೆಳಗ್ಗೆ ದಾರಿ ತೆರೆದೇ ಇತ್ತು. ಮುಚ್ಚಿದ್ದು ತಾನು.

ಒಲೆಯ ಹಿಂದೆ, ಗೋಡೆಯ ಗೂಡಿನಲ್ಲಿ, ಮಸಿ ಹಿಡಿದ ಸ್ಪ್ಯಾನರ್ ಸಿಕ್ಕಿತು.

"ಅದು ಸೈಕಲ್ ಮಾವಂದು," ಎಂದರು ಅತ್ತೆ. ಬೀದಿ ತುದಿಯಲ್ಲಿ ಸೈಕಲ್ ಅಂಗಡಿಯಿಟ್ಟಿದ್ದ ಮುದುಕರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. "ಕೊಳವೆ ಬಿಚ್ಚಿ ಮಸಿ ತೆಗೆದ್ನಲ್ಲ ನನ್ನ ಮಗ, ಆವಾಗ ಇಸ್ಕೊಂಡು ಬಂದಿದ್ದ. ಅವನ ಕರೀ ಮೂತಿ ನೋಡಿ ಮಗು ಹೆಂಗೆ ಕಿರುಚ್ತು. ಎಲ್ಲಾ ಜೋಡಿಸಾದ್ಮೇಲೆ ಏನೋ ತಿರುವುಮುರುವಾಯ್ತು, ನಾಳೆ ಮಾಡ್ತೀನಿ ಅಂದ. ಅವನ ನಾಳೆ ನಿಂಗೆ ಗೊತ್ತಲ್ಲ."

"ಗೊತ್ತು."

ಹಿಡಿ ತಿರುವುಮುರುವಾಗಿ ಕೂತದ್ದೇ ಅವನ ಕೈಗೆ ರೂಢಿಯಾಗಿಬಿಟ್ಟಿತ್ತು. ಒಲೆಯನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ. ಅವಳು ಸುತ್ತ ನೋಡಿದಳು. ಗೋಡೆಯ ಸ್ವಿಚ್ಚುಗಳು, ಬಚ್ಚಲ ನಲ್ಲಿ, ಅಟ್ಟದ ಮರದ ಏಣಿ. ಇನ್ನೂ ಏನೇನು ಅವನೊಬ್ಬನಿಗೇ ಗೊತ್ತಿದ್ದ ಹಾಗೆ ಇದೆಯೋ.

ಸ್ಪ್ಯಾನರನ್ನು ಹಿಡಿಯ ನಟ್ಟಿಗೆ ಹಾಕಿದಳು.

"ಅವನಿಟ್ಟ ಹಾಗೇ ಇರ್ಲಿ ಬಿಡು," ಎಂದರು ಅತ್ತೆ. "ನಮಗೀಗ ಗೊತ್ತಾಯ್ತಲ್ಲ."

"ಮುಂದೆ ಇವಳು ದೊಡ್ಡವಳಾಗಿ ಒಲೆ ಹಚ್ಚಿದ್ರೆ ಅತ್ತೆ?"

ಅತ್ತೆ ಮಗುವನ್ನು ಚಾಪೆಯ ಮೇಲೆ ಕೂರಿಸಿ, ಬಂದು ಕೊಳವೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡರು. ನಟ್ಟು ಬಿಗಿಯಾಗಿತ್ತು. ಅವನು ಯಾವುದನ್ನೂ ಸಡಿಲ ಬಿಡುತ್ತಿರಲಿಲ್ಲ. ಅವಳು ಮೈಭಾರವೆಲ್ಲ ಹಾಕಿದಳು. ಕೊನೆಗೆ ಅದು ಕಿರ್ರೆಂದು ಬಿಟ್ಟುಕೊಟ್ಟಿತು. ಹಿಡಿಯನ್ನು ಕಳಚಿ, ತಿರುಗಿಸಿ ಕೂರಿಸಿ, ಮತ್ತೆ ಬಿಗಿದಳು.

ಈ ಸಲ ಹೊಗೆ ಮೇಲೆ ಹೋಯಿತು. ಕೋಣೆ ಬೆಚ್ಚಗಾದ ಮೇಲೆ ಮಗು ನಿದ್ದೆ ಹೋಯಿತು. ಅವಳು ಅದರ ಮೂಗಿನ ಹತ್ತಿರ ಬೆರಳಿಟ್ಟು ಕುಳಿತಳು. ಬಿಸಿಯುಸಿರು ತಾಕಿತು. ಮತ್ತೆ ತಾಕಿತು. ಕಿಟಕಿಯೊಂದನ್ನು ಸ್ವಲ್ಪವೇ ತೆರೆದಿಟ್ಟಳು.

"ಸ್ಪ್ಯಾನರ್ ಕೊಟ್ಟು ಬಾ ಹೋಗು," ಎಂದರು ಅತ್ತೆ. "ನಾನು ಕಣ್ಣು ಮುಚ್ಚಲ್ಲ."

ಸೈಕಲ್ ಅಂಗಡಿಯ ಹಲಗೆಯ ಮೇಲೆ ಒಂದೊಂದು ಸಾಮಾನಿನ ಆಕಾರವನ್ನೂ ಬಣ್ಣದಲ್ಲಿ ಬರೆದಿತ್ತು. ಒಂದು ಜಾಗ ಮಾತ್ರ ಖಾಲಿಯಿತ್ತು. ಅವಳು ಸ್ಪ್ಯಾನರ್ ಮುಂದೆ ಹಿಡಿದಳು.

"ಇದಕ್ಕೇನು ಅವಸರ ಇತ್ತಮ್ಮಾ," ಎಂದರು ಸೈಕಲ್ ಮಾವ. "ಅವನು ಬಿಟ್ಟ ಕೆಲಸ ಆಯ್ತಾ?"

"ಆಯ್ತು ಮಾವ."

"ಕೂತ್ಕೋ, ಟೀ ತರಿಸ್ತೀನಿ."

"ಬೇಡ ಮಾವ. ಒಲೆ ಉರೀತಿದೆ."

ಮಾವ ಮಸಿ ಒರೆಸಲು ಬಟ್ಟೆ ಕೈಗೆತ್ತಿಕೊಂಡರು. ಸ್ಪ್ಯಾನರಿನ ಹಿಡಿಯ ಮೇಲೆ ದೊಡ್ಡ ಬೆರಳುಗಳ ಗುರುತುಗಳಿದ್ದವು. ಅವುಗಳ ಮೇಲೆ ಚಿಕ್ಕವು. ಅವರು ಬಟ್ಟೆಯನ್ನು ಕೆಳಗಿಟ್ಟು, ಸ್ಪ್ಯಾನರನ್ನು ಹಾಗೇ ಹಲಗೆಗೆ ತೂಗುಹಾಕಿದರು.