ಅಕ್ಕಯಮ್ಮನ ಮನೆಗೆ ಡೌಲು ಬಂದದ್ದು

ಏಳು ತಿಂಗಳ ಬಸುರಿ ಸೊಸೆ ಅರ್ಪಿತ ಊಟಕ್ಕೆ ಕೂತಾಗ, ಹೆರಿಗೆಗೆ ಒಬ್ಬರು ಡೌಲಾರನ್ನು ಗೊತ್ತುಮಾಡಿದ್ದೇನೆ ಎಂದಳು. ಅಕ್ಕಯಮ್ಮನ ಕಿವಿಗೆ ಬಿದ್ದದ್ದು ಡೌಲು. ಮುದ್ದೆ ಮುರಿಯುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತು.

“ನಮ್ಮನೇಲಿ ಡೌಲು ಗೀಲು ಎಲ್ಲ ಬೇಡ ಕಣಮ್ಮ. ಹೆರಿಗೆ ಎಲ್ಲರ ಮನೇಲೂ ಆಗುತ್ತೆ.”

ಸಾರಕ್ಕಿ ಕೆರೆಯ ಅಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆತನ ಅವರದು. ಆ ನೆಲದ ಮೇಲೆ ಈಗ ನಾಲ್ಕು ಮಹಡಿ ಎದ್ದು, ಮೂರರಲ್ಲಿ ಬಾಡಿಗೆಯವರಿದ್ದರೂ ತಾವು ಯಾವತ್ತೂ ಡೌಲು ಮಾಡಿದವರಲ್ಲ ಎಂಬುದು ಅಕ್ಕಯಮ್ಮನ ಹೆಮ್ಮೆ. ಮಗ ಶಶಿಧರನ ಮದುವೆಗೆ ಎರಡು ಕುದುರೆಯ ಸಾರೋಟು ತರಿಸಿದ್ದು ಬೇರೆ ವಿಷಯ. ಅದನ್ನು ಅವಳೆದುರು ಯಾರೂ ಎತ್ತುವುದಿಲ್ಲ.

ಶಶಿಧರ ನಗು ನುಂಗಿಕೊಂಡು ಬಿಡಿಸಿ ಹೇಳಿದ. ಡೌಲು ಅಲ್ಲ, ಡೌಲಾ. ನೋವು ಶುರುವಾದಾಗಿನಿಂದ ಮಗು ಕೈಗೆ ಬರುವವರೆಗೂ ಬಸುರಿಯ ಪಕ್ಕದಲ್ಲಿದ್ದು, ಬೆನ್ನು ನೀವಿ, ಧೈರ್ಯ ತುಂಬುವ ಹೆಂಗಸು. ಅದಕ್ಕೆಂದೇ ತರಬೇತಿ ಪಡೆದವಳು. ತಾವು ನೋಡಿಟ್ಟಿರುವ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಕ್ಕೆ ಇಬ್ಬರನ್ನು ಬಿಡುತ್ತಾರಂತೆ. ಒಬ್ಬ ಗಂಡ, ಇನ್ನೊಬ್ಬಳು ಈ ಡೌಲಾ.

ಆಮೇಲೆ ಅಕ್ಕಯಮ್ಮನಿಗೆ ಊಟ ಸೇರಲಿಲ್ಲ. ಅರ್ಪಿತಳ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಎರಡನೆಯ ಜಾಗ ತನ್ನದೇ ಎಂದು, ಯಾರೂ ಹೇಳದಿದ್ದರೂ, ಅವಳು ಇಷ್ಟು ದಿನವೂ ಅಂದುಕೊಂಡಿದ್ದಳು. ಒಳಗೆ ಹೋಗುವ ದಿನ ಉಡಲು ಒಂದು ಹತ್ತಿಯ ಸೀರೆಯನ್ನೂ ಎತ್ತಿಟ್ಟಿದ್ದಳು. ಪಾತ್ರೆ ತೊಳೆಯುವಾಗ ತಡೆಯಲಾರದೆ ಸೊಸೆಯನ್ನು ಕೇಳಿಯೇಬಿಟ್ಟಳು: ನಾನಿರುವಾಗ ಹೊರಗಿನವಳು ಯಾಕೆ?

“ನೀವು ಅಳ್ತೀರ ಅತ್ತೆ,” ಅರ್ಪಿತ ಮೆಲ್ಲಗೆ ಹೇಳಿದಳು. “ನೀವು ಅತ್ರೆ ನನಗೂ ತಡೆಯೋಕಾಗಲ್ಲ.”

ಸುಳ್ಳಲ್ಲ. ಅರ್ಪಿತಳ ರಕ್ತ ತೆಗೆಯುವಾಗ ಅಕ್ಕಯಮ್ಮ ಅತ್ತ ಅಳುವಿಗೆ ನರ್ಸು ಬಸುರಿಯನ್ನೇ ಎಬ್ಬಿಸಿ, ಆ ಕುರ್ಚಿಯಲ್ಲಿ ಇವಳನ್ನು ಕೂರಿಸಿ ನೀರು ಕೊಟ್ಟಿದ್ದಳು. ನಿಜವಾದ ಮಾತಾದ್ದರಿಂದ ಅಕ್ಕಯಮ್ಮನಿಗೆ ಇನ್ನೂ ಹೆಚ್ಚು ನೋವಾಯಿತು.

ಭಾನುವಾರ ಆ ಡೌಲಾ ಸ್ಕೂಟರಿನಲ್ಲಿ ಚಿಕ್ಕಲಸಂದ್ರದಿಂದ ಬಂದಳು. ಹೆಸರು ಪದ್ಮಶ್ರೀ, ಮೂವತ್ತೈದರ ಆಸುಪಾಸು. ಅರ್ಪಿತ ಸ್ನಾನಕ್ಕೆ ಹೋಗಿದ್ದದ್ದೇ ಸಂದರ್ಭವೆಂದು ಅಕ್ಕಯಮ್ಮ ಕಾಫಿ ಮುಂದಿಟ್ಟು ವಿಚಾರಣೆಗೆ ಕೂತಳು. ಹೆರಿಗೆ ಮಾಡಿಸುತ್ತೀಯಾ ಎಂದರೆ ಇಲ್ಲ, ಅದು ಡಾಕ್ಟರ ಕೆಲಸ ಎಂದಳು. ಇಂಜೆಕ್ಷನ್ನು ಕೊಡುತ್ತೀಯಾ ಎಂದರೆ ಅದೂ ಇಲ್ಲ. ಮಗುವಿಗೆ ನೀರು ಹಾಕುವುದಿಲ್ಲ, ಬಾಣಂತಿಗೆ ಮೆಣಸಿನ ಸಾರೂ ಮಾಡುವುದಿಲ್ಲ.

“ಮತ್ತೆ ಏನ್ ಮಾಡ್ತೀಯಮ್ಮ?”

“ಜೊತೇಲಿರ್ತೀನಿ ಅಮ್ಮ.”

ಇದೂ ಒಂದು ಕೆಲಸವೇ ಎಂದು ಚುಚ್ಚಲು ಅಕ್ಕಯಮ್ಮ ಬಾಯಿ ತೆರೆಯುವಷ್ಟರಲ್ಲಿ ಪದ್ಮಶ್ರೀ ತಾನೇ ಒಂದು ಪ್ರಶ್ನೆ ಕೇಳಿದಳು. ಶಶಿಧರ್ ಹುಟ್ಟಿದಾಗ ನಿಮ್ಮ ಜೊತೆ ಯಾರಿದ್ದರು?

ಯಾರೂ ಇರಲಿಲ್ಲ. ತಾಯಿ ವಾರ್ಡಿನ ಕಬ್ಬಿಣದ ಗೇಟಿನಾಚೆ ಫ್ಲಾಸ್ಕು ಹಿಡಿದು ಕೂತಿದ್ದಳು. ಒಳಗೆ ಆಯಾ ಒಬ್ಬಳು ಕಿರುಚಬೇಡ ಎಂದು ಗದರುತ್ತಿದ್ದಳು. ಇಡೀ ಹಗಲು ಅಕ್ಕಯಮ್ಮ ಗೋಡೆಯ ಒಂದು ಬಿರುಕನ್ನೇ ನೋಡುತ್ತ ಮಲಗಿದ್ದಳು. ಮೂವತ್ತೊಂದು ವರ್ಷ ಗಂಡನಿಗೂ ಹೇಳದ ಈ ಸಂಗತಿಯನ್ನು ಈಗ ಈ ಹೊರಗಿನವಳಿಗೆ ಹೇಳಿ, ಎಂದಿನಂತೆ ಅತ್ತಳು. ಪದ್ಮಶ್ರೀ ಅಳಬೇಡಿ ಎನ್ನಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಕಾಫಿ ತಣ್ಣಗಾದರೂ ಮುಟ್ಟದೆ ಪಕ್ಕದಲ್ಲೇ ಕೂತಿದ್ದಳು. ಅಳು ತಾನಾಗಿ ನಿಂತ ಮೇಲೆ, ಇವಳು ಮಾಡುವ ಕೆಲಸ ಇದೇ ಇರಬೇಕು ಎಂದು ಅಕ್ಕಯಮ್ಮನಿಗೆ ಹೊಳೆಯಿತು.

ಅಂದಿನಿಂದ ಪ್ರತಿ ಭಾನುವಾರ ಪದ್ಮಶ್ರೀ ಬಂದು ಅರ್ಪಿತಳಿಗೆ ಹೆರಿಗೆಯ ಪಾಠ ಹೇಳಿಕೊಡುವಾಗಲೆಲ್ಲ ಅಕ್ಕಯಮ್ಮನಿಗೆ ಅಡುಗೆಮನೆಯಲ್ಲಿ ವಿಪರೀತ ಕೆಲಸ. ನನಗೂ ಹೇಳಿಕೊಡು ಎಂದು ಬಾಯಿಬಿಟ್ಟು ಕೇಳಲು ಬಿಗುಮಾನ. ಹಾಲ್‌ನಲ್ಲಿ ಪದ್ಮಶ್ರೀ ಉಸಿರು ತಗೊಳ್ಳಿ ಎಂದಾಗ ಒಲೆಯ ಮುಂದೆ ಇವಳೂ ತೆಗೆದುಕೊಳ್ಳುತ್ತಿದ್ದಳು. ನಿಧಾನಕ್ಕೆ ಬಿಡಿ ಎನ್ನುವಷ್ಟರಲ್ಲಿ ಒಗ್ಗರಣೆ ಸೀದಿರುತ್ತಿತ್ತು. ಪದ್ಮಶ್ರೀಗೆ ಸೀದ ವಾಸನೆ ಬಂದಿತ್ತೋ ಏನೋ, ಸೊಂಟ ಎಲ್ಲಿ ಹೇಗೆ ಒತ್ತಬೇಕು ಎಂಬುದನ್ನು ಮಾತ್ರ ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು.

ಒಂದು ಗುರುವಾರ ಬೆಳಿಗ್ಗೆ ಅರ್ಪಿತಳಿಗೆ ನೋವು ಶುರುವಾಯಿತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಮೂರು ಸಲ ಕೆಂಪು ದೀಪ ಕಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪದ್ಮಶ್ರೀ ಬಾಗಿಲಲ್ಲೇ ನಿಂತಿದ್ದಳು. ಗಂಡನೂ ಡೌಲಾನೂ ಒಳಕ್ಕೆ ಹೋದರು. ಅಕ್ಕಯಮ್ಮ ಎತ್ತಿಟ್ಟಿದ್ದ ಸೀರೆಯನ್ನೇ ಉಟ್ಟು ಹೊರಗಿನ ಬೆಂಚಿನ ಮೇಲೆ ಕೂತಳು. ಮಡಿಲಲ್ಲಿ ಫ್ಲಾಸ್ಕು. ಅದನ್ನು ನೋಡಿಕೊಂಡಾಗ ತಾಯಿಯ ನೆನಪಾಯಿತು.

ಮೂರು ಗಂಟೆಗೆ ಶಶಿಧರ ಪೆಚ್ಚುಮುಖ ಹಾಕಿಕೊಂಡು ಹೊರಗೆ ಬಂದ. ನೋವು ಎಷ್ಟು ಹೊತ್ತು ಬಂತೆಂದು ಮೊಬೈಲಿನಲ್ಲಿ ಅಳೆಯುತ್ತಿದ್ದನಂತೆ. ಅರವತ್ತೆರಡು ಸೆಕೆಂಡು, ಇದು ಹಿಂದಿನದಕ್ಕಿಂತ ಚೆನ್ನಾಗಿತ್ತು ಎಂದನಂತೆ. ಅರ್ಪಿತ ಅವನನ್ನು ಆಚೆಗೆ ಅಟ್ಟಿದ್ದಳು.

“ನಿನ್ನ ಕರೀತಿದಾಳಮ್ಮ,” ಎಂದ.

ಒಳಗೆ ಸೊಸೆಯ ಬೆವೆತ ಮುಖ ಕಂಡದ್ದೇ ಅಕ್ಕಯಮ್ಮನ ಕಣ್ಣು ತುಂಬಿ ಬಂತು. ಅವಳು ಒಲೆಯ ಮುಂದೆ ಕಲಿತ ಹಾಗೆ ಉಸಿರೆಳೆದು ನಿಧಾನಕ್ಕೆ ಬಿಟ್ಟಳು. ಅರ್ಪಿತಳೂ ಅವಳ ಜೊತೆಗೇ ಉಸಿರೆಳೆದು ಬಿಟ್ಟಳು. ಮತ್ತೆ ನೋವು ಬಂದಾಗ ಪದ್ಮಶ್ರೀ ಸರಿದು ಜಾಗ ಬಿಟ್ಟಳು. ನಲವತ್ತು ವರ್ಷ ಮುದ್ದೆ ತಿರುವಿದ ಕೈಗಳು ಅರ್ಪಿತಳ ಸೊಂಟವನ್ನು ಎರಡೂ ಬದಿಯಿಂದ ಒತ್ತಿ ಹಿಡಿದವು.

“ಅಲ್ಲೇ ಅತ್ತೆ. ಬಿಡಬೇಡಿ.”

“ಬಿಡಲ್ಲ ಕಣಮ್ಮ. ಜೊತೇಲಿದೀನಿ.”

ಎಷ್ಟು ನೋವು ಬಂದು ಹೋದವೋ ಅವಳು ಲೆಕ್ಕ ಇಡಲಿಲ್ಲ, ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ. ಐದಕ್ಕೆ ಮೊದಲೇ ಹೆಣ್ಣುಮಗು ಹುಟ್ಟಿ ಕೋಣೆ ತುಂಬ ಅತ್ತಿತು. ಆಗಷ್ಟೇ ಪಾಳಿ ಬದಲಾಗಿ ಬಂದ ನರ್ಸು, ಒಳಗೆ ಗಂಡನ ಬದಲು ಇನ್ನೊಬ್ಬ ಹೆಂಗಸನ್ನು ಕಂಡು, ನೀವು ಯಾರಮ್ಮ ಎಂದು ಕೇಳಿದಳು. ಅಕ್ಕಯಮ್ಮ ಬಾಯಿ ತೆರೆಯುವ ಮೊದಲೇ ಎದೆಯ ಮೇಲೆ ಮಗುವನ್ನು ಹಿಡಿದಿದ್ದ ಅರ್ಪಿತ ಮಲಗಿದಲ್ಲಿಂದಲೇ ಉತ್ತರ ಕೊಟ್ಟಳು.

“ನಮ್ಮತ್ತೆ. ನಮ್ಮನೆ ಡೌಲು ಇವರೇ.”

ಪದ್ಮಶ್ರೀ ನಕ್ಕಳು. ಅಕ್ಕಯಮ್ಮ, ಮಗು ಅತ್ತಾಯಿತಲ್ಲ, ಇನ್ನು ನಾನು ಅಳಬಹುದಾ ಎಂದು ಕೇಳಿದಳು. ಅರ್ಪಿತ ತಲೆಯಾಡಿಸಿದಳು. ಹೊರಗೆ ಬೆಂಚಿನ ಮೇಲೆ ಫ್ಲಾಸ್ಕು ಹಿಡಿದು ಕೂತಿದ್ದ ಶಶಿಧರ ಮಗುವಿನ ಅಳು ಮುಳುಗಿಹೋಗುವಂಥ ಇನ್ನೊಂದು ಅಳು ಕೇಳಿ, ಅದು ಅಮ್ಮನದೇ ಎಂದು ಗುರುತು ಹಿಡಿದು, ಎಲ್ಲ ಚೆನ್ನಾಗಿ ಆಗಿದೆ ಎಂದುಕೊಂಡ.