ಹಳದಿ ಕುಲಾವಿ

ಮುಷ್ಟಿಗೆ ಹಾಕಿ ತೋರಿಸುತ್ತಿದ್ದಾಳೆ ಅಂಗಡಿಯವಳು, ಬಿಳಿ ಟೋಪಿಯೊಳಗೆ ಬೆರಳುಗಳನ್ನು ಅಗಲಿಸಿ, ನೋಡೀಮ್ಮಾ ಎಷ್ಟು ಚೆನ್ನಾಗಿ ಹಿಗ್ಗುತ್ತೆ, ಮೂರು ತಿಂಗಳಾದ್ರೂ ಬರುತ್ತೆ — ತೆಗಿ ತಾಯಿ, ಮುಷ್ಟಿಗೆ ಹಾಕಬೇಡ, ಅನ್ನಬೇಕು ಅನ್ನಿಸುತ್ತದೆ, ಅನ್ನುವುದಿಲ್ಲ, ಹಳದೀದು ಇಲ್ವಾ ಅಂತ ಕೇಳುತ್ತೇನೆ, ಕೈಯಲ್ಲಿ ಹೆಣೆದದ್ದು, ಉಲ್ಲನ್ನಿನದು, ಗಲ್ಲದ ಕೆಳಗೆ ಕಟ್ಟೋಕೆ ಹಸಿರು ದಾರ ಇರೋದು. ಅವಳು ನಗುತ್ತಾಳೆ, ಈಗ ಯಾರು ಕೈಯಲ್ಲಿ ಹೆಣೀತಾರಮ್ಮ, ಹತ್ತೀದೇ ತಗೊಳ್ಳಿ, ಮಗೂಗೆ ಚುಚ್ಚಲ್ಲ. ಎಂಟನೇ ಕ್ರಾಸಿನಲ್ಲಿ ಇದು ಮೂರನೇ ಅಂಗಡಿ. ಇದೇ ರಸ್ತೆಯ ಫುಟ್‌ಪಾತಿನಲ್ಲಿ ಮೂವತ್ತು ವರ್ಷ ಸೊಪ್ಪು ಮಾರಿದವಳು ನಾನು, ಒಂದು ದಿನವೂ ಈ ಮೆಟ್ಟಿಲು ಹತ್ತಿರಲಿಲ್ಲ, ಗಾಜಿನ ಹಿಂದೆ ಮಕ್ಕಳ ಬಟ್ಟೆ ನೇತಾಡುವುದು ಕಂಡರೆ ಮುಖ ತಿರುಗಿಸಿ ಕೊತ್ತಂಬರಿಗೆ ನೀರು ಚಿಮುಕಿಸುತ್ತಾ ಕೂರುತ್ತಿದ್ದೆ. ಕೈಯಲ್ಲಿ ನರ್ಸ್ ಬರೆದುಕೊಟ್ಟ ಚೀಟಿ, ಟೋಪಿ ಎರಡು, ಕಾಲುಚೀಲ, ಮುಂದೆ ಕಟ್ಟುವ ಅಂಗಿ ಆರು, ರಬ್ಬರ್ ಶೀಟು, ಹತ್ತಿ, ಎಲ್ಲಕ್ಕಿಂತ ಸಣ್ಣ ಸೈಜಿನ ಡೈಪರು — ಏನಮ್ಮಾ, ಒಂದೂ ತಂದಿಲ್ವಾ, ಇಷ್ಟು ದಿನ ಮನೇಲಿ ಏನ್ ಮಾಡ್ತಿದ್ರಿ, ಅಂದಳು ಆ ನರ್ಸು, ನನ್ನ ಸೊಸೆಯ ವಯಸ್ಸಿನವಳು. ಯಾರೂ ಏನೂ ತರಬಾರದು ಅಂತ ಕಾವಲು ಕೂತಿದ್ದೆ ಅಂತ ಹೇಳಲೇ.

ಬೆಳಿಗ್ಗೆ ಆರೂವರೆಗೆ ಹುಟ್ಟಿತು, ಮೂರು ವಾರ ಮುಂಚೆ, ಹೆಣ್ಣು, ಎರಡು ಕಿಲೋ ಇನ್ನೂರು ಗ್ರಾಂ, ತೂಕ ಕೇಳಿದ ಕೂಡಲೇ ನನ್ನ ಕೈ ಗಾಳಿಯಲ್ಲೇ ತೂಗಿ ನೋಡಿತು, ಹಾಳು ಅಭ್ಯಾಸ. ಏನೂ ಹೆದರಬೇಡಿ, ಬೆಚ್ಚಗಿಡಿ, ತಲೆ ಮುಚ್ಚಿರಲಿ, ಅಂದರು ಡಾಕ್ಟರು. ತಲೆಗೆ ಆಸ್ಪತ್ರೆಯ ಹಸಿರು ಬಟ್ಟೆ ಸುತ್ತಿದ್ದರು, ಅದು ಜಾರುತ್ತಿತ್ತು, ಸುತ್ತಿದರೆ ಜಾರುತ್ತಿತ್ತು. ರಮ್ಯಾ, ನನ್ನ ಸೊಸೆ, ಮಂಚದಿಂದ ಕೈ ಚಾಚಿ ನನ್ನ ಸೆರಗು ಹಿಡಿದುಕೊಂಡಳು, ತುಟಿ ಒಣಗಿತ್ತು, ಆದರೂ ನಗುತ್ತಿದ್ದಳು, ಅತ್ತೆ, ಬೀರು ಕೆಳಗಡೆ ಶೆಲ್ಫಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದೆ, ಅದರಲ್ಲಿ ಹಳದಿ ಟೋಪಿ, ಬೈಬೇಡಿ ಅತ್ತೆ, ಹೊಸದಲ್ಲ ಅದು, ನಮ್ಮಮ್ಮ ನನಗೆ ಅಂತ ಹೆಣೆದಿದ್ದು, ನಾನು ಹಾಕ್ಕೊಂಡಿದ್ದು, ಮೊದಲು ಹಳೇದೇ ಹಾಕ್ಬೇಕು ಅಂದಿದ್ರಲ್ಲ ನೀವು, ಅದಕ್ಕೇ ಒಗೆದು ಹೊಸ ಕವರಲ್ಲಿ ಇಟ್ಟಿದ್ದೆ. ಅವಳ ಅಮ್ಮ ಚೂಡಾಮಣಿ, ಮದುವೆಗೆ ಎರಡು ವರ್ಷ ಮುಂಚೆ ತೀರಿಹೋದವಳು, ನಾನು ಫೋಟೋದಲ್ಲಿ ಮಾತ್ರ ಕಂಡ ಬೀಗಿತ್ತಿ. ತರ್ತೀನಮ್ಮ, ಅಂದೆ. ನಾಲಿಗೆ ತಾನಾಗೇ ಅಂದುಬಿಟ್ಟಿತು, ತರ್ತೀನಿ ಅಂತ, ಎಲ್ಲಿಂದ ತರುತ್ತೀಯೇ ಮಹರಾಯ್ತಿ, ಆ ಟೋಪಿ ಮನೆಯಲ್ಲಿ ಇಲ್ಲ ಅಂತ ಗೊತ್ತಿರುವುದು ಈ ಲೋಕದಲ್ಲಿ ನಿನಗೊಬ್ಬಳಿಗೇ.

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ — ಬೇರೆಯವರು ಈ ಗಾದೆಯನ್ನು ನಗುವುದಕ್ಕೆ ಹೇಳುತ್ತಾರೆ, ನಾನು ನಗುತ್ತಾ ಹೇಳಿದವಳಲ್ಲ. ಅರ್ಜುನಪ್ಪ, ನನ್ನ ಗಂಡ, ಚೊಚ್ಚಲಲ್ಲಿ ನನಗೆ ಎಂಟು ತುಂಬಿದಾಗ ಚಾಮರಾಜಪೇಟೆ ಕಡೆ ಸೊಪ್ಪಿನ ಗಾಡಿ ತಳ್ಳಿಕೊಂಡು ಹೋದವನು ಒಂದು ಗಿಲಕಿ ತಂದಿದ್ದ, ಮರದ್ದು, ಕೆಂಪು, ದಾರಿಯುದ್ದಕ್ಕೂ ಆಡಿಸಿಕೊಂಡೇ ಬಂದನಂತೆ ಹುಚ್ಚಪ್ಪ. ಹತ್ತು ದಿನಕ್ಕೆ ಹುಟ್ಟಿದ ಗಂಡುಮಗು ಅಳಲೇ ಇಲ್ಲ. ಹೊಕ್ಕುಳಬಳ್ಳಿ ಕತ್ತಿಗೆ ಸುತ್ತಿಕೊಂಡಿತ್ತು ಅಂದರು ಡಾಕ್ಟರು, ನಮ್ಮತ್ತೆ ಡಾಕ್ಟರ ಮಾತು ಎಲ್ಲಿ ಕೇಳುತ್ತಾಳೆ, ನನ್ನ ಮಂಚದ ಪಕ್ಕ ನಿಂತು, ಬರೋಕೆ ಮುಂಚೇನೇ ಆಡ್ಸೋಕೆ ಹೋದ್ರಲ್ಲ, ನೀವೇ ಕಣ್ಣು ಹಾಕಿದ್ರಿ ನಿಮ್ಮ ಮಗೂಗೆ, ಅಂದಳು. ಅರ್ಜುನಪ್ಪ ಆಮೇಲೆ ಮಗುವಿಗೆ ಅಂತ ಏನನ್ನೂ ತನ್ನ ಕೈಯಾರೆ ಕೊಡಲಿಲ್ಲ, ಮುನಿರಾಜು ಹುಟ್ಟಿ ಓಡಾಡುವಂತಾದ ಮೇಲೂ ಬಿಸ್ಕತ್ತಿನ ಪೊಟ್ಟಣ ನನ್ನ ಕೈಗಿಟ್ಟು, ನೀನೇ ಕೊಡು, ಅನ್ನುತ್ತಿದ್ದ, ಮಗ ಅಪ್ಪನಿಗೆ ತನ್ನ ಮೇಲೆ ಪ್ರೀತಿಯಿಲ್ಲ ಅಂದುಕೊಂಡೇ ದೊಡ್ಡವನಾದ. ಗಿಲಕಿಯಿಂದ ಮಗು ಸಾಯುತ್ತದೆಯೇ, ಇಲ್ಲ, ಅಷ್ಟು ನನಗೂ ಗೊತ್ತು, ಗೊತ್ತಿದ್ದೂ ರಮ್ಯಾಗೆ ಮೂರನೇ ತಿಂಗಳಲ್ಲೇ ಹೇಳಿದೆ, ಹುಟ್ಟೋವರ್ಗೂ ಒಂದು ದಾರದ ಎಳೆ ಬರಬಾರದು ಮನೆಗೆ, ಹುಟ್ಟಿದ ಮೇಲೆ ನಿಮ್ಮ ಮಾವನ ಹಳೇ ಪಂಚೆ ಹರಿದು ಸುತ್ತೋಣ. ಪಾಪ, ಫೋನು ಹಿಡಿದುಕೊಂಡು ಬಂದಳು ಒಂದು ದಿನ, ಅತ್ತೆ ಈ ಸಾಕ್ಸ್ ನೋಡಿ, ಆರ್ಡರ್ ಮಾಡಲ್ಲ, ಸುಮ್ನೆ ನೋಡಿ. ನೋಡಲಿಲ್ಲ ನಾನು. ಆಯ್ತು ಅತ್ತೆ, ನೀವು ಹೇಳಿದ ಹಾಗೇ, ಅಂದಳು, ಫೋನು ಮಡಿಲಲ್ಲಿ ಮಗುಚಿಕೊಂಡಳು.

ನಂಬಬೇಕಿತ್ತು ಅವಳನ್ನು. ಏಳನೇ ತಿಂಗಳಲ್ಲಿ ಗಂಡ ಹೆಂಡತಿ ಸ್ಕ್ಯಾನಿಂಗಿಗೆ ಹೋದ ದಿನ ಬೀರು ಒರೆಸಲು ಕೂತೆ, ಕೆಳಗಡೆ ಶೆಲ್ಫು, ಚರಚರ ಸದ್ದು ಮಾಡುವ ಹೊಸ ಕವರು, ಒಳಗೆ ಹಳದಿ. ಸಿಟ್ಟು ನೆತ್ತಿಗೇರಿತು, ನನ್ನ ಕಣ್ಣಿಗೆ ಮಣ್ಣೆರಚಿ ಕದ್ದು ತಂದಿಟ್ಟಿದ್ದಾಳಲ್ಲ ಇವಳು, ಅಂತ. ಅದೇ ಹೊತ್ತಿಗೆ ಶ್ರೀರಾಂಪುರದ ನಮ್ಮ ಗಲ್ಲಿಯಲ್ಲಿ ಕೂಗು, ಹಳೇ ಬಟ್ಟೇಗೆ ಪಾತ್ರೇಯ್, ಹಳೇ ಬಟ್ಟೇಗೆ ಪಾತ್ರೇಯ್, ಬುಟ್ಟಿ ತುಂಬ ಸ್ಟೀಲು ಹೊತ್ತವಳು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ನನ್ನ ಎರಡು ಹಳೇ ಸೀರೆ, ಮುನಿರಾಜುವಿನ ಪ್ಯಾಂಟು, ಮೇಲೆ ಈ ಕುಲಾವಿ. ಅವಳು ಅದನ್ನು ಮುಷ್ಟಿಗೆ ಹಾಕಿ ಆ ಕಡೆ ಈ ಕಡೆ ತಿರುಗಿಸಿದಳು, ಇದು ಹಳೇದಕ್ಕಾ, ಎಷ್ಟು ಸಲ ಒಗ್ದವ್ರೆ ನೋಡು, ಉಲ್ಲನ್ನೆಲ್ಲಾ ಗಂಟು ಕಟ್ಟೈತೆ. ನಾನು ಬಿಡುತ್ತೀನಾ, ನಿನ್ನ ಕಣ್ಣಿಗೇನಾಗಿದೆ, ಹೊಸದು ಕಣೇ ಅದು, ಕವರು ನೋಡು, ಅಂತ ಬೀದಿಗೆಲ್ಲಾ ಕೇಳಿಸುವ ಹಾಗೆ ಜಗಳವಾಡಿದೆ, ಸಣ್ಣ ಲೋಟ ಕೊಡಲು ಬಂದವಳ ಬುಟ್ಟಿಯಿಂದ ಮುಚ್ಚಳದ ಡಬ್ಬಿಯನ್ನೇ ಕಿತ್ತುಕೊಂಡೆ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ದಂಟಿನ ಸೊಪ್ಪು ನಿನ್ನೆಯದೋ ಇವತ್ತಿನದೋ ಕಣ್ಣು ಮುಚ್ಚಿಕೊಂಡು ಮುಟ್ಟಿ ಹೇಳುವ ಕೈ ಇದು, ಗಲ್ಲಿಯಲ್ಲಿ ಹೋಗುತ್ತಿದ್ದ ಹೆಂಗಸಿಗೆ ಒಂದು ಗಳಿಗೆಯಲ್ಲಿ ತಿಳಿದದ್ದು ನನಗೆ ತಿಳಿಯಲಿಲ್ಲ. ಸಂಜೆ ರಮ್ಯಾ ಬಂದಾಗ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ, ಕಂಟಕ ಕಳೆಯಿತು ಅಂತ ಒಳಗೊಳಗೇ ಸಮಾಧಾನ ಮಾಡಿಕೊಂಡು ಅವಳಿಗೆ ಕಾಫಿ ಮಾಡಿಕೊಟ್ಟೆ.

ಇವತ್ತು ಆಸ್ಪತ್ರೆಯಿಂದ ಮನೆಗೆ ಹೋದವಳು ಆದರೂ ಬೀರು ತೆಗೆದೆ, ಕೆಳಗಡೆ ಶೆಲ್ಫಿಗೆ ಮೊಣಕೈವರೆಗೂ ಕೈ ಹಾಕಿ ತಡಕಿದೆ. ಪಾತ್ರೆಯವಳು ಎಲ್ಲಿರ್ತಾಳೆ ಅಂತ ಗಲ್ಲಿಯಲ್ಲಿ ಕೇಳಿದೆ, ಯಾವ ಪಾತ್ರೆಯವಳು ಅಕ್ಕಾ, ದಿನಾ ಒಬ್ಬೊಬ್ಬರು ಬರ್ತಾರೆ, ಅಂದರು. ಬಾಣಂತಿಗೆ ಅಂತ ಮೆಣಸಿನ ಸಾರನ್ನ ಕಲೆಸಿ ಡಬ್ಬಿಗೆ ತುಂಬಿ ಮುಚ್ಚಳ ಒತ್ತುವಾಗ ನೋಡುತ್ತೇನೆ, ಅದೇ ಡಬ್ಬಿ. ಬದಲಾಯಿಸಬಹುದಿತ್ತು, ಬದಲಾಯಿಸಲಿಲ್ಲ, ಬ್ಯಾಗಿನಲ್ಲಿ ಅದರ ಬಿಸಿ ಈಗಲೂ ಪಕ್ಕೆಗೆ ತಾಗುತ್ತಿದೆ. ಅಂಗಡಿಯವಳು ಒಳಗಿನಿಂದ ಒಂದು ಹಳದಿ ಹುಡುಕಿ ತಂದಿದ್ದಾಳೆ, ಮೆಷಿನ್ನಿನದು, ಇದಾಗುತ್ತಾ ನೋಡಿ ಅಮ್ಮ — ಆಗುತ್ತದೆ, ಇದನ್ನೇ ತಗೊಂಡು ಲೇಬಲ್ಲು ಕಿತ್ತು ನಲ್ಲಿಯಡಿ ನಾಲ್ಕು ಸಲ ಹಿಂಡಿ ಕಲ್ಲಿಗೆ ಉಜ್ಜಿದರೆ ಹಳೇದಾಗುತ್ತದೆ, ಸುಸ್ತಿನಲ್ಲಿದ್ದಾಳೆ ಹುಡುಗಿ, ಗೊತ್ತಾಗಲ್ಲ, ಗೊತ್ತಾಗಲ್ಲವೇ, ತನ್ನ ಅಮ್ಮ ಹೆಣೆದದ್ದು ಮಗಳಿಗೆ ಗೊತ್ತಾಗಲ್ಲವೇ, ಹಸಿರು ದಾರ ಎಲ್ಲಿಂದ ತರುತ್ತೀ ದ್ರೌಪದಮ್ಮ, ಹೋದವಳನ್ನು ಎಬ್ಬಿಸಿ ಹೆಣೆಸುತ್ತೀಯಾ. ಬೇಡಮ್ಮ, ಬಿಳೀದೇ ಎರಡು ಕಟ್ಟು, ಅಂದೆ.

ಆಸ್ಪತ್ರೆಯ ಮೆಟ್ಟಿಲು, ಫಿನಾಯ್ಲಿನ ವಾಸನೆ, ಮುನಿರಾಜು ಎದುರಿಗೇ ಬಂದ, ಎಲ್ಲಮ್ಮಾ ಹೋಗಿದ್ದೆ ಇಷ್ಟೊತ್ತು, ಅವಳು ಆಗ್ಲಿಂದ ಟೋಪಿ ಟೋಪಿ ಅಂತಿದಾಳೆ. ಮಗು ಅವಳ ಎದೆಗೆ ಒರಗಿದೆ, ಹಸಿರು ಬಟ್ಟೆ ಮತ್ತೆ ಜಾರಿದೆ, ತಲೆ ಇಷ್ಟೇ ಇಷ್ಟು, ಒಂದು ಮುಷ್ಟಿ. ತಂದ್ರಾ ಅತ್ತೆ, ಅಂಗೈ ಚಾಚಿದ್ದಾಳೆ. ಇಲಿ ಕಡಿದಿತ್ತು ಅನ್ನಬಹುದು, ಎಷ್ಟು ಹುಡುಕಿದರೂ ಸಿಗಲಿಲ್ಲ ಅನ್ನಬಹುದು, ನಂಬುತ್ತಾಳೆ, ನನ್ನ ಮಾತನ್ನು ಅವಳು ಯಾವತ್ತೂ ನಂಬಿದ್ದಾಳೆ. ಬ್ಯಾಗಿನಿಂದ ಡಬ್ಬಿ ತೆಗೆದು ಆ ಅಂಗೈ ಮೇಲೆ ಇಡುತ್ತೇನೆ. ಊಟ ಆಮೇಲೆ ಅತ್ತೆ, ಟೋಪಿ ಎಲ್ಲಿ. ಇದೇ ಕಣಮ್ಮ, ಅನ್ನುತ್ತೇನೆ, ಇದಕ್ಕೇ ಕೊಟ್ಬಿಟ್ಟೆ ಕಣಮ್ಮ, ಪಾತ್ರೆಯವಳಿಗೆ, ಹೊಸದು ಅಂದ್ಕೊಂಡು. ಅವಳು ಡಬ್ಬಿ ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ಬೈಯುವುದಿಲ್ಲ, ಬೈಯಬಾರದೇ ತಾಯಿ, ನಮ್ಮತ್ತೆಗೆ ನಾನು ಬೈಯದೇ ಇದ್ದದ್ದು ಸಾಲದೇ, ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಸವರುತ್ತಾಳೆ, ಒಂದು ಸಲ, ಇನ್ನೊಂದು ಸಲ, ತಲೆ ಸವರುವ ಹಾಗೆ — ಮುನಿರಾಜು ಏನೋ ಕೇಳುತ್ತಿದ್ದಾನೆ, ನನಗೆ ಕೇಳಿಸುವುದಿಲ್ಲ, ಗಲ್ಲಿಯ ಬಿಸಿಲು, ಬುಟ್ಟಿ ತುಂಬ ಸ್ಟೀಲು, ಆ ಹೆಂಗಸಿನ ಮುಷ್ಟಿ, ಹಸಿರು ದಾರ ಎರಡೂ ಕಡೆ ಇಳಿಬಿದ್ದು, ಇದು ಹಳೇದಕ್ಕಾ, ಹಳೇದು, ಮುಷ್ಟಿಯ ಮೇಲೆ ಹಳದಿ ಕುಲಾವಿ, ಮುಷ್ಟಿಯ ಮೇಲೆ ಹಳದಿ ಕುಲಾವಿ