ಹಾಡಿನ ಮಿಸ್ಸಿನ ಹಾರ್ಪ್

ತಂತಿ ಹರಿದದ್ದು ತಂಗಿಯ ತಪ್ಪಿನಿಂದಲೇ. ಮೀಟಿದ್ದು ಒಂದು ತಂತಿ, ತಿರುಗಿಸಿದ್ದು ಅದರ ಪಕ್ಕದ ಬಿರಡೆ. ಫೋನಿನ ಶ್ರುತಿ ಮೀಟರಿನಲ್ಲಿ ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇನ್ನೂ ಸ್ವಲ್ಪ ಬೇಕೇನೋ ಅಂದುಕೊಂಡು ಅವಳು ಬಿರಡೆಗೆ ಹಾಕಿದ ಕೀಯನ್ನು ಇನ್ನಷ್ಟು ತಿರುಗಿಸಿದಳು, ಆಮೇಲೆ ಮತ್ತೊಂದಿಷ್ಟು. ಟಪ್ ಎಂದು ಪಕ್ಕದ ತಂತಿ ಹರಿದು, ಹೆಬ್ಬೆರಳ ಬುಡಕ್ಕೆ ಚಾಟಿಯ ಹಾಗೆ ಬಾರಿಸಿ, ಸುರುಳಿ ಸುತ್ತಿಕೊಂಡಿತು.

"ಆಯ್ತಾ?" ಎಂದಳು ಎದುರಿನ ಕುರ್ಚಿಯಲ್ಲಿದ್ದ ಅಕ್ಕ. "ಒಬ್ಬಳು ಗಲಾಟೆ ಮಾಡಿದ್ರೆ ಪಕ್ಕದವಳ ಕಿವಿ ಹಿಂಡಿದ ಹಾಗಾಯ್ತು. ಕ್ಲಾಸಲ್ಲಿ ನಾನು ಹೀಗೆ ಮಾಡಿದ್ದಿದ್ರೆ ಎಂದೋ ಮನೆಗೆ ಕಳಿಸಿರ್ತಿದ್ರು."

"ಎಲ್ಲಾ ಬಿರಡೆನೂ ಒಂದೇ ಥರ ಇದೆಯಲ್ಲಕ್ಕ."

"ನಮ್ಮ ಮಕ್ಕಳೂ ಒಂದೇ ಥರ ಬಟ್ಟೆ ಹಾಕ್ಕೊಂಡು ಬರ್ತಾವೆ. ನಾನು ಯಾರ ಹೆಸರಾದ್ರೂ ತಪ್ಪಿದ್ದೀನಾ? ಬೆರಳು ತಂತಿ ಮೇಲಿಡು, ಹಾಗೇ ಸವರಿಕೊಂಡು ಬಿರಡೆ ತನಕ ಹೋಗು. ನಿಂಗೆ ಎಲ್ಲದಕ್ಕೂ ಕಣ್ಣೇ ಬೇಕು. ಮೀಟೋದು ಬಿಟ್ಟು ಮೀಟರ್ ನೋಡ್ತಾ ಕೂತಿದ್ದಾಳೆ, ನೋಡು!"

ಅಕ್ಕ ನಕ್ಕಳು. ಕಾಯಿಲೆ ಬಿದ್ದಮೇಲೆ ಅವಳು ಹೀಗೆ ನಕ್ಕದ್ದು ಅಪರೂಪ. ಆ ನಗು ಸಿಗುವುದಾದರೆ ಇನ್ನೊಂದು ತಂತಿ ಹರಿದರೂ ಚಿಂತೆಯಿಲ್ಲ ಎನಿಸಿತು ತಂಗಿಗೆ.

ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಅಕ್ಕ ಹಾಡು ಹೇಳಿಕೊಡುತ್ತಿದ್ದಳು. ಅವಳ ನಿಜವಾದ ಹೆಸರು ಅಲ್ಲಿ ಹಾಜರಿ ತೆಗೆಯುವವರಿಗೂ ಮರೆತುಹೋಗಿತ್ತು. ಎಲ್ಲರಿಗೂ ಅವಳು ಹಾಡಿನ ಮಿಸ್. ಅವಳ ಜೊತೆ ಯಾವಾಗಲೂ ಈ ಆಟೋಹಾರ್ಪ್. ತೊಡೆಯ ಮೇಲೆ ಕೂರುವಷ್ಟು ದೊಡ್ಡ ಮರದ ಪೆಟ್ಟಿಗೆ, ಅದರ ಮೇಲೆ ಮೂವತ್ತಾರು ತಂತಿ, ತಂತಿಗಳಿಗೆ ಅಡ್ಡಲಾಗಿ ಗುಂಡಿಗಳಿರುವ ಪಟ್ಟಿಗಳು. ಗುಂಡಿ ಒತ್ತಿದರೆ ಪಟ್ಟಿಯಡಿಯ ಉಣ್ಣೆ ಬೇಡದ ತಂತಿಗಳ ಬಾಯಿ ಮುಚ್ಚಿಸುತ್ತದೆ. ಉಳಿದವು ಒಂದಕ್ಕೊಂದು ಹೊಂದಿಕೊಂಡು ನುಡಿಯುತ್ತವೆ. ಅಳುವ ಮಗುವನ್ನು ಎತ್ತಿಕೊಂಡ ಹಾಗೆ ಅಕ್ಕ ಅದನ್ನು ಎದೆಗೆ ಒತ್ತಿ ಹಿಡಿದು ನುಡಿಸುತ್ತಿದ್ದಳು. ಶ್ರುತಿ ಮಾಡುವುದೂ ಅವಳೇ, ಬರಿಯ ಕಿವಿಯಿಂದ, ಸೊಪ್ಪು ಬಿಡಿಸುತ್ತ ಮಾತಾಡುವವರಷ್ಟು ಸಲೀಸಾಗಿ.

ಹೋದ ವರ್ಷದ ಕೊನೆಗೆ ಜ್ವರ ಬಂತು. ಜ್ವರದ ಹಿಂದೆಯೇ ತಲೆಸುತ್ತು; ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾಗದ ಸ್ಥಿತಿ. ಎಡಗಿವಿಯಲ್ಲಿ ಪ್ರೆಶರ್ ಕುಕ್ಕರ್ ಕೂಗಿದಂಥ ಸದ್ದು. ತಿಂಗಳುಗಳ ಮೇಲೆ ತಲೆಸುತ್ತು ಹೋಯಿತು, ಕುಕ್ಕರೂ ತಣ್ಣಗಾಯಿತು. ಮಾತು ಚೆನ್ನಾಗಿ ಕೇಳುತ್ತಿತ್ತು. ಅಂಗಳದ ಗೇಟು ಕಿರ್ ಎಂದರೂ ಕೇಳುತ್ತಿತ್ತು. ಗುಣವಾಯಿತು ಎಂದು ಇಬ್ಬರೂ ಅಂದುಕೊಂಡರು. ಒಂದು ಬೆಳಿಗ್ಗೆ ಅಕ್ಕ ಅಲಮಾರಿಯ ಮೇಲಿನಿಂದ ಹಾರ್ಪ್ ಇಳಿಸಿಕೊಂಡು, ಧೂಳು ಒರೆಸಿ, ಒಮ್ಮೆ ತಂತಿಗಳ ಮೇಲೆ ಬೆರಳಾಡಿಸಿದಳು. ಕೂಡಲೇ ಕೆಳಗಿಟ್ಟಳು.

"ಸುಮ್ನೆ ಬಿದ್ದೂ ಬಿದ್ದೂ ಹಾಳಾಗಿಹೋಗಿದೆ ಕಣೇ. ಶ್ರುತಿ ಅನ್ನೋದು ಎಲ್ಲೂ ಇಲ್ಲ. ನನ್ನ ಮಣಿಕಟ್ಟಲ್ಲಂತೂ ಬಲ ಇಲ್ಲ. ನೀನು ತಿರುಗಿಸು, ನಾನು ಕೇಳ್ತೀನಿ."

ತಂಗಿಗೆ ಸಂತೋಷವೇ ಆಯಿತು. ಹಾರ್ಪ್ ಹಾಳಾಗಿದ್ದರೆ ಸರಿ ಮಾಡಬಹುದು. ರಜೆ ಮುಗಿದು ಶಾಲೆ ತೆರೆಯುವ ದಿನ ಅಕ್ಕ ಬಂದು ಕೂರಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳದೆ ವಿಧಿಯಿಲ್ಲ ಎಂದು ಹೆಡ್ ಮೇಡಂ ಬೇಸರದಿಂದಲೇ ಹೇಳಿದ್ದರು. ಅದಕ್ಕೆ ಮುಂಚೆ ಒಂದು ಪೆಟ್ಟಿಗೆಯನ್ನು ಶ್ರುತಿಗೆ ತರುವುದು ತಾನೇ? ತಂಗಿಯ ಕೆಲಸ ತಕ್ಕಡಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಕೂದಲೆಳೆಯ ತೂಕದ ವ್ಯತ್ಯಾಸ ಹಿಡಿದವಳಿಗೆ ಇದು ಯಾವ ಮಹಾ ಎಂದು ಅವಳಿಗನ್ನಿಸಿತ್ತು.

ಮಹಾ ಆಗಿಯೇ ಇತ್ತು. ಕೀಯನ್ನು ತಿರುಗಿಸಬೇಕೆಂದು ಮನಸ್ಸು ಮಾಡುವಷ್ಟರಲ್ಲಿ ಮುಳ್ಳು ಆಚೆಗೆ ಹಾರಿರುತ್ತಿತ್ತು. ಇಳಿಸಲು ಹೋದರೆ ತೀರಾ ಇಳಿಯುತ್ತಿತ್ತು. ಅದನ್ನೆಲ್ಲ ದಾಟಿ ಕೊನೆಯ ತಂತಿಗೆ ಬಂದು ಉಸ್ಸಪ್ಪಾ ಎನ್ನುವಾಗ ಮೊದಲನೆಯದು ಜಾರಿರುತ್ತಿತ್ತು. ಕಾರಣ ಹುಡುಕಿದಳು: ಇಷ್ಟೊಂದು ತಂತಿಗಳೂ ಎಳೆಯುವುದು ಒಂದೇ ಮರವನ್ನು, ಒಂದನ್ನು ಬಿಗಿದರೆ ಮರ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಉಳಿದವು ಅಷ್ಟರಮಟ್ಟಿಗೆ ಸಡಿಲವಾಗುತ್ತವೆ. ತಕ್ಕಡಿಗೆ ಹಾಕುವ ಬೊಟ್ಟುಗಳಲ್ಲಿ ಒಂದನ್ನು ಎತ್ತಿದರೆ ಇನ್ನೊಂದರ ತೂಕ ಬದಲಾಗುವುದಿಲ್ಲ. ಇಲ್ಲಿ ಯಾವ ತಂತಿಯೂ ತನ್ನಷ್ಟಕ್ಕೆ ತಾನಿರಲಿಲ್ಲ. ಹಾಗಾಗಿ ಸುತ್ತಿನ ಮೇಲೆ ಸುತ್ತು, ಪ್ರತಿ ಸುತ್ತಿಗೂ ಕಡಿಮೆ ತಿದ್ದುಪಡಿ. ಸಂಜೆ ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು ನೇರ ಹಾರ್ಪಿನ ಮುಂದೆ ಕೂರುತ್ತಿದ್ದಳು. ಬೆರಳ ತುದಿ ದೊರಗಾಯಿತು.

ಒಂದು ಸಂಜೆ ಮೀಟರು ಆ ತುದಿಯಿಂದ ಈ ತುದಿಯವರೆಗೆ ಹಸಿರು ತೋರಿಸಿತು. ಎರಡು ಬಾರಿ ನೋಡಿದಳು, ಹಸಿರೇ. ಹಾರ್ಪನ್ನು ಅಕ್ಕನ ಕೈಗಿತ್ತು ಎದುರಿಗೆ ನಿಂತಳು, ಪರೀಕ್ಷೆಯ ಉತ್ತರ ಹಿಡಿದು ನಿಂತ ಹುಡುಗಿಯ ಹಾಗೆ.

ಅಕ್ಕ ಗುಂಡಿ ಒತ್ತಿ ನುಡಿಸಿದಳು. ಮುಖ ಕಿವುಚಿದಳು.

"ಎರಡು ಹಾರ್ಪ್ ಒಟ್ಟಿಗೆ ನುಡಿಸಿದ ಹಾಗಿದೆ ಕಣೇ. ಒಂದು ಈ ಮನೇದು, ಇನ್ನೊಂದು ಪಕ್ಕದ ಮನೇದು."

"ಮೀಟರ್ ಸರಿ ಇದೆ ಅಂತಿದೆಯಲ್ಲಕ್ಕ."

"ಶ್ರುತಿ ಅಂದ್ರೇನೇ ಕೇಳೋದು ಅಂತ. ನಿನ್ನ ಮೀಟರಿಗೆ ಕಿವಿ ಎಲ್ಲಿದೆ? ಅದನ್ನ ಆಚೆ ಇಡು. ನಾನು ಹೇಳಿದ ಹಾಗೆ ತಿರುಗಿಸು."

ತಂಗಿ ತಿರುಗಿಸಿದಳು. "ಮೇಲೆ, ಮೇಲೆ, ಹಾಂ ಸಾಕು. ಅಯ್ಯೋ ಜಾಸ್ತಿ ಆಯ್ತು. ಇಳಿಸು. ಇಷ್ಟೇ. ಇಲ್ಲ, ಇದೂ ಅಲ್ಲ." ಕತ್ತು ಆಚೆ ಹೊರಳಿಸಿದಾಗ ಸರಿ ಎನ್ನುವಳು, ಈಚೆ ಹೊರಳಿಸಿದಾಗ ತಪ್ಪು ಎನ್ನುವಳು. ಇಷ್ಟೆಲ್ಲ ಮಾಡಿ ಮಲಗಿದರೆ ಬೆಳಿಗ್ಗೆ ಎದ್ದು, "ಯಾರೇ ಇದನ್ನ ಮುಟ್ಟಿದ್ದು?" ಎಂದು ಕೇಳುವಳು. ಮುಟ್ಟಲು ಆ ಮನೆಯಲ್ಲಿ ಬೇರೆ ಯಾರಿದ್ದರು? ತಂಗಿ ಬಿರಡೆಗಳ ಮೇಲೆ ಅನುಮಾನಪಟ್ಟಳು, ಹಳೆಯ ತಂತಿಗಳ ಮೇಲೆ ಅನುಮಾನಪಟ್ಟು ಅಷ್ಟನ್ನೂ ಬದಲಿಸಿದಳು. ಹೊಸ ತಂತಿಗಳು ಹಿಗ್ಗುವಷ್ಟು ಹಿಗ್ಗಿ ನಿಂತಮೇಲೂ ಅಕ್ಕನ ಮಾತು ಬದಲಾಗಲಿಲ್ಲ. ಕೊನೆಗೆ, ತೋರಿಸಲು ಮರ್ಯಾದೆಯಾಗಿರಲಿ ಎಂದು ಮೀಟರಿನ ಪ್ರಕಾರ ಒಮ್ಮೆ ಶ್ರುತಿ ಮಾಡಿಕೊಂಡು, ವಾದ್ಯ ರಿಪೇರಿ ಮಾಡುವವನ ಹತ್ತಿರ ಒಯ್ದಳು.

ಅವನ ಅಂಗಡಿಯಲ್ಲಿ ಹೊಟ್ಟೆ ತೆರೆದ ಪಿಟೀಲುಗಳು ಗೋಡೆಗೆ ನೇತುಬಿದ್ದಿದ್ದವು. ಅವನು ಹಾರ್ಪಿನ ಬೆನ್ನು ತಟ್ಟಿ ನೋಡಿದ, ಅಂಚಿನುದ್ದಕ್ಕೂ ಉಗುರು ಹಾಯಿಸಿ ಬಿರುಕು ಹುಡುಕಿದ, ಒಂದೊಂದು ಬಿರಡೆಗೂ ಕೀ ಹಾಕಿ ಬಿಗಿ ನೋಡಿದ.

"ಇದನ್ನ ಶ್ರುತಿ ಮಾಡಿದ್ದು ಯಾರು ಮೇಡಂ?"

"ನಾನೇ. ಈಗಷ್ಟೇ ಕಲೀತಿದ್ದೀನಿ. ಯಾಕೆ, ತುಂಬಾ ಕೆಟ್ಟದಾಗಿದ್ಯಾ?"

"ಸುಮ್ನೆ ತಮಾಷೆ ಮಾಡ್ತೀರಿ." ಅವನು ಗುಂಡಿಯೊಂದನ್ನು ಒತ್ತಿ ಬೆರಳಾಡಿಸಿದ. "ನೋಡಿ! ಪೆಟ್ಟಿಗೆ ಕಲ್ಲಿನ ಹಾಗಿದೆ, ಬಿರಡೆ ಹಿಡಿದು ನಿಂತಿವೆ. ಇನ್ನು ನಾನು ಕೈ ಹಾಕಿದ್ರೆ ಕೆಡೋದೇ ಸೈ. ಮನೆಗೆ ತಗೊಂಡು ಹೋಗಿ ನೆಮ್ಮದಿಯಾಗಿ ನುಡಿಸಿ."

ತಂತಿಗಳು ಇನ್ನೂ ಗುನುಗುತ್ತಿದ್ದವು. ತಂಗಿಗೆ ಅದು ಕೇಳಿಸಿತು. ಮೀಟರಿದ್ದ ಫೋನು ಪರ್ಸಿನಲ್ಲಿತ್ತು, ಮುಳ್ಳಿಲ್ಲ, ಹಸಿರಿಲ್ಲ; ಆದರೂ ಆ ಸ್ವರಗಳು ನೀರಿನೊಳಗೆ ಸಕ್ಕರೆ ಕರಗಿದಂತೆ ಒಂದರೊಳಗೊಂದು ಕರಗಿ ನಿಂತದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಇಷ್ಟು ದಿನ ಕಣ್ಣಿನಿಂದ ಮಾಡಿದ ಕೆಲಸ ತನಗೆ ಗೊತ್ತಿಲ್ಲದೆ ಕಿವಿಗೂ ಪಾಠ ಹೇಳಿತ್ತು. ಇದಕ್ಕಿಂತ ಸರಿಯಾದ ಶ್ರುತಿ ಇರಲು ಸಾಧ್ಯವಿಲ್ಲ. ಹಾಗಾದರೆ ಕೆಟ್ಟಿರುವುದೇನು? ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

ಪ್ರಯೋಗಾಲಯದಲ್ಲಿ ಎರಡು ತಟ್ಟೆಯ ತಕ್ಕಡಿ ಸರಿಯಿಲ್ಲವೆಂದು ಅನುಮಾನ ಬಂದರೆ ಮೊದಲು ಮಾಡುವುದು ಒಂದೇ ಕೆಲಸ: ಎಡದ ಬೊಟ್ಟನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡುವುದು. ತಪ್ಪು ಬೊಟ್ಟಿನ ಜೊತೆಗೆ ಹೋದರೆ ಬೊಟ್ಟು ಕೆಟ್ಟಿದೆ. ತಪ್ಪು ತಟ್ಟೆಯಲ್ಲೇ ಉಳಿದರೆ ತಕ್ಕಡಿ.

ಮನೆಗೆ ಬಂದು ಅಕ್ಕನನ್ನು ಕಣ್ಣು ಮುಚ್ಚಿ ಕೂರಿಸಿದಳು. "ಏನೇ ಇದು, ಕಣ್ಣಾಮುಚ್ಚಾಲೆನಾ ಈ ವಯಸ್ಸಲ್ಲಿ?" ಎಂದು ಅಕ್ಕ ನಗುತ್ತಲೇ ಒಪ್ಪಿದಳು. ತಂಗಿ ಹಾರ್ಪನ್ನು ಮೇಜಿನ ಮೇಲಿಟ್ಟು, ಅಕ್ಕನ ಎಡಗಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ತಂತಿಯೊಂದನ್ನು ಮೀಟಿದಳು. ಆಮೇಲೆ ಬಲಗಿವಿಯನ್ನು ಮುಚ್ಚಿ ಅದೇ ತಂತಿಯನ್ನು ಮೀಟಿದಳು.

"ಇದು ಪಕ್ಕದ ತಂತಿ. ಮೇಲಿನದು," ಎಂದಳು ಅಕ್ಕ ತಟ್ಟನೆ.

ತಂಗಿ ಬೇರೆ ತಂತಿ ಆರಿಸಿ, ಈ ಸಲ ಬಲಗಿವಿಯನ್ನು ಮೊದಲು ಮುಚ್ಚಿದಳು, ಎಡಗಿವಿಯನ್ನು ಆಮೇಲೆ; ಮೀಟಿದ್ದು ಎರಡು ಸಲವೂ ಅದನ್ನೇ.

"ಈಗ ಪಕ್ಕದ್ದಕ್ಕೆ ಇಳಿದೆ. ಅಲ್ವಾ? ಏನೇ, ಸರಿ ತಾನೇ?"

ಎಡಗಿವಿಗೆ ಬಿದ್ದ ಸ್ವರವೇ ಎರಡು ಸಲವೂ ಏರಿ ಕೇಳಿಸಿತ್ತು; ತಪ್ಪು ಎಡದಲ್ಲೇ ಉಳಿದಿತ್ತು.

"ಸರಿ ಅಕ್ಕ. ಪಕ್ಕದ್ದೇ."

"ನೋಡಿದ್ಯಾ! ಕಾಯಿಲೆ ಬಿದ್ದವಳು ಅಂತ ನನ್ನ ಕಿವಿ ಮೇಲೇ ಅನುಮಾನ ಇಟ್ಕೊಂಡಿದ್ಯೇನೇ, ಕಳ್ಳಿ," ಎಂದು ಅಕ್ಕ ಅವಳ ಕೆನ್ನೆ ತಿವಿದಳು.

ಮರುದಿನ ತಂಗಿ ಅರ್ಧ ದಿನ ರಜೆ ಹಾಕಿ ಒಬ್ಬಳೇ ಕಿವಿ ಡಾಕ್ಟರ ಬಳಿ ಹೋದಳು. ಒಳಗಿವಿ ಪೆಟ್ಟು ತಿಂದರೆ ಹೀಗಾಗುವುದುಂಟು ಎಂದರು ಅವರು. ಒಂದೇ ಸ್ವರ ಎರಡು ಕಿವಿಗೆ ಎರಡಾಗಿ ಕೇಳುತ್ತದೆ. ಮಾತಿಗೇನೂ ತೊಂದರೆಯಿಲ್ಲ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. "ಸರಿ ಹೋಗುತ್ತಾ?" ಎಂದದ್ದಕ್ಕೆ, "ಹೋಗೋದಾಗಿದ್ರೆ ಇಷ್ಟರಲ್ಲಿ ಹೋಗ್ತಿತ್ತಮ್ಮ," ಎಂದರು. ಹೊರಗೆ ಸಾಲಿನಲ್ಲಿ ಇನ್ನೂ ತುಂಬ ಜನರಿದ್ದರು.

ಆದರೂ ಅವಳು ಸುಮ್ಮನಾಗಲಿಲ್ಲ. ಬಲಗಿವಿ ಸರಿಯಿದೆಯಲ್ಲ, ಎಡಗಿವಿಯನ್ನು ಮುಚ್ಚಿಬಿಟ್ಟರೆ? ಶಾಲೆ ತೆರೆಯುವ ಹಿಂದಿನ ದಿನ ಮಧ್ಯಾಹ್ನ, "ತಣ್ಣನೆ ಗಾಳಿ ಇದೆ, ಆ ಕಿವಿಗೆ ಇದಿಟ್ಕೋ ಅಕ್ಕ," ಎಂದು ಹತ್ತಿಯ ಮೇಲೆ ಮೇಣ ಮೆತ್ತಿದ ಬೂಚೊಂದನ್ನು ಕೊಟ್ಟಳು. ಅಕ್ಕ ತಂಗಿಯ ಮುಖವನ್ನು ಒಂದು ಕ್ಷಣ ನೋಡಿ ಕಿವಿಗಿಟ್ಟುಕೊಂಡಳು. ತಂಗಿ ಮೇಜಿನ ಮೇಲಿದ್ದ ಹಾರ್ಪಿನ ಗುಂಡಿ ಒತ್ತಿ ಮೆಲ್ಲಗೆ ನುಡಿಸಿದಳು.

ಅಕ್ಕನ ಹುಬ್ಬು ಮೇಲೇರಿತು. "ಲೇ! ಇದು ಸರಿ ಇದೆ ಕಣೇ! ಏನು ಮಾಡಿದೆ? ಇನ್ನೊಂದ್ಸಲ ನುಡಿಸು. ಅಯ್ಯೋ, ಇದೇ ಕಣೇ!" ಎಂದವಳೇ ಹಾರ್ಪನ್ನು ಬಾಚಿಕೊಂಡು ಎದೆಗೊತ್ತಿ, ಮಕ್ಕಳಿಗೆ ಮೊದಲ ದಿನ ಹೇಳಿಕೊಡುವ ಕುರಿಮರಿಯ ಹಾಡನ್ನು ಎತ್ತಿಕೊಂಡಳು.

ಎರಡನೆಯ ಸಾಲಿಗೆ ನಿಂತುಬಿಟ್ಟಳು.

ಆಗಲೇ ತಂಗಿಗೆ ಹೊಳೆದದ್ದು, ಮೊದಲೇ ಹೊಳೆಯಬೇಕಿತ್ತು. ಎದೆಗಾನಿಸಿದ ಮರದ ಕಂಪನ ಗಾಳಿಯನ್ನು ಕಾಯುವುದಿಲ್ಲ, ಎಲುಬು ಹಿಡಿದು ತಲೆಬುರುಡೆಗೆ ಏರುತ್ತದೆ. ಅಕ್ಕನದೇ ಕಂಠವೂ ಅಷ್ಟೇ. ಕಿವಿಗೆ ಬೂಚು ಹಾಕಿದಷ್ಟೂ ತನ್ನ ದನಿ ಆ ಕಿವಿಯಲ್ಲೇ ಜೋರಾಗಿ ಮೊಳಗುತ್ತದೆ. ಹಾಡದೆ ಇರುವವರೆಗೆ, ಮುಟ್ಟದೆ ಇರುವವರೆಗೆ ಮಾತ್ರ ಶ್ರುತಿ ಸರಿ.

ಅಕ್ಕ ಬೂಚನ್ನು ಹೊರತೆಗೆದು ಬೆರಳುಗಳ ನಡುವೆ ಹೊರಳಿಸುತ್ತ ಕೂತಳು. "ಗಾಳಿಗೆ ಅಂತ ಕೊಟ್ಟೆಯಾ ಇದನ್ನ?" ಎಂದಳು. ತಂಗಿ ಹಾರ್ಪನ್ನು ಮೆಲ್ಲಗೆ ಈಸಿಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಸಂಜೆಗೆ ಹೆಡ್ ಮೇಡಂ ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಏನು ಹಾಡಿನ ಮಿಸ್, ನಾಳೆ ಬರ್ತಿದ್ದೀರಿ ತಾನೆ?"

"ಹಾರ್ಪ್ ಸರಿ ಹೋಗ್ಲಿಲ್ಲ ಮೇಡಂ."

"ಅಯ್ಯೋ, ಇಷ್ಟೇನಾ! ನಾನು ಹೆದರಿಬಿಟ್ಟೆ. ಹೊಸದು ತರಿಸೋಣ ಬಿಡ್ರೀ. ಅದೂ ಒಂದು ಕಾರಣವಾ? ಬರೋವರೆಗೆ ಹಾಗೇ ಬಾಯಲ್ಲಿ ಹಾಡ್ಸಿ. ಮಕ್ಕಳು ನಿಮ್ಮನ್ನ ಕೇಳಿ ಕೇಳಿ ನನ್ನ ತಲೆ ತಿಂದಿವೆ."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹಲೋ, ಹಲೋ ಎಂದಿತು ಫೋನು.

"ಹೊಸದು ಬೇಡ ಮೇಡಂ," ಎಂದಳು. "ಇದೇ ಚೆನ್ನಾಗಿದೆ. ನಮ್ಮ ಹುಡುಗಿ ತುಂಬಾ ಚೆನ್ನಾಗಿ ಶ್ರುತಿ ಮಾಡಿದ್ದಾಳೆ. ನನ್ನ ಕಿವೀನೇ ಹೋಗಿದೆ. ನೀವು ಬೇರೆಯವರನ್ನ ನೋಡ್ಕೊಳ್ಳಿ."

ಹೆಡ್ ಮೇಡಂ ಬಹಳ ಹೊತ್ತು ಸಮಾಧಾನ ಹೇಳಿದರು. ಅಕ್ಕ ಹೂಂ, ಹೂಂ ಎನ್ನುತ್ತಿದ್ದಳು.

ಫೋನು ಇಟ್ಟಮೇಲೆ ತಂಗಿ ಹೇಳಿದಳು, "ನಾನು ನುಡಿಸೋದು ಕಲೀಲಾ ಅಕ್ಕ? ನೀನು ಹೇಳ್ಕೊಡು. ಕೈ ಹೇಗಿಡಬೇಕು ಅಂತ ಹೇಳಿದ್ರೂ ಸಾಕು."

"ಬೇಡ ಕಣೇ. ಈ ಮನೇಲಿ ಬೇಡ." ದನಿಯಲ್ಲಿ ಸಿಟ್ಟಿರಲಿಲ್ಲ. "ನುಡಿಸದೆ ಇಡೋ ಹಾರ್ಪನ್ನ ಹೀಗೆ ಬಿಗಿದು ಇಡಬಾರದು. ಸುಮ್ನೆ ಮರ ಬಾಗ್ತದೆ. ಸಡಿಲ ಮಾಡು. ಒಂದನ್ನೇ ಪೂರ್ತಿ ಬಿಡಬೇಡ. ಎಲ್ಲಾದನ್ನೂ ಸ್ವಲ್ಪ ಸ್ವಲ್ಪ, ಸುತ್ತಿನ ಮೇಲೆ ಸುತ್ತು."

ತಂಗಿ ದಪ್ಪ ತಂತಿಯಿಂದ ಶುರು ಮಾಡಿದಳು. ಕೀಯನ್ನು ಇಷ್ಟೇ ಇಷ್ಟು ಹಿಂದಕ್ಕೆ. ಪ್ರತಿ ತಂತಿಯೂ ನರಳುತ್ತ ಇಳಿದದ್ದು ಈಗ ಅವಳಿಗೆ ಕೇಳಿಸುತ್ತಿತ್ತು, ಬೇಡವೆಂದರೂ ಕೇಳಿಸುತ್ತಿತ್ತು. ಒಂದು ಸುತ್ತು ಮುಗಿಸುವಾಗ ಅಂಗೈ ತಗುಲಿ ಎಲ್ಲ ತಂತಿಗಳೂ ಒಟ್ಟಿಗೆ ಮೊರೆದವು. ಆ ಗೋಜಲಿಗೆ ಅವಳ ಹಲ್ಲು ಜುಮ್ಮೆಂದಿತು. ತಪ್ಪಾಯಿತೆನ್ನುವಂತೆ ತಲೆಯೆತ್ತಿ ನೋಡಿದಳು.

ಅಕ್ಕ ಕತ್ತು ವಾಲಿಸಿ ಕೇಳುತ್ತಿದ್ದಳು.

"ಏನೂ ಬದಲಾಗೇ ಇಲ್ವಲ್ಲೇ, ಅದೇ ಎರಡು ಹಾರ್ಪ್," ಎಂದಳು. "ತಿರುಗಿಸಿದ್ಯಾ?"

"ತಿರುಗಿಸಿದೆ ಅಕ್ಕ."

"ಹಾಗಾದ್ರೆ ಇನ್ನೊಂದು ಸುತ್ತು ತಿರುಗಿಸು."

ತಂಗಿ ಕೀಯನ್ನು ಮತ್ತೆ ಮೊದಲ ಬಿರಡೆಗೆ ಹಾಕಿದಳು.